ಕುರ್ಚಿ ಒಲ್ಲೆ ಎನ್ನುತ್ತಿದ್ದ ಟೀಚರ್

ಟೀಚರ್ ಸೀರೆಯ ಹಿಂಭಾಗದಲ್ಲಿ ಯಾವಾಗಲೂ ಒಂದು ಬೂದು ಗುರುತು ಇರುತ್ತಿತ್ತು. ಕಂಡವರ ಮನೆಯ ಸಾರಿಸಿದ ನೆಲದ ಮೇಲೆ ಕೂತು ಎದ್ದ ಗುರುತು. ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು ಹೋದವರು ಸಂಜೆ ಹಾಗೆ ಬರುತ್ತಿದ್ದರು. "ಕೊಡವಿಕೊಳ್ಳಿ ಟೀಚರ್" ಎಂದರೆ, "ನಾಳೆ ಮತ್ತೆ ಕೂರಬೇಕಲ್ರೀ" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಚಳ್ಳಕೆರೆಯವರು. ಮೊಳಕಾಲ್ಮೂರಿನ ಹತ್ತಿರದ ನಮ್ಮೂರ ಶಾಲೆಗೆ ವರ್ಗವಾಗಿ ಬಂದು, ನಮ್ಮ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದರು. ಯಾರು ಏನು ಹೇಳಿದರೂ "ನೀವು ನೋಡಿದ್ರಾ, ಯಾರಾದ್ರೂ ಹೇಳಿದ್ರಾ?" ಎಂದು ಕೇಳುವುದು ಅವರ ಚಾಳಿ. ಹಾಲು ಒಡೆಯಿತು ಎಂದರೂ ಅದೇ ಪ್ರಶ್ನೆ. ದೇವರ ವಿಷಯದಲ್ಲಿ ಮಾತ್ರ ಕೇಳುತ್ತಿರಲಿಲ್ಲ, ಅಷ್ಟು ನನ್ನ ಪುಣ್ಯ.

ಈ ಚಾಳಿಯೂ ನೆಲದ ಮೇಲೆ ಕೂರುವ ಹಟವೂ ಬಡವರಿಗೆ ಅಗ್ಗದ ಅಕ್ಕಿ ಕೊಡುವ ಹಸಿರು ಕಾರ್ಡಿನ ಕಾಲದಲ್ಲಿ ಹುಟ್ಟಿದವು. ಬಡವರು ಯಾರೆಂದು ಮನೆಮನೆಗೆ ಹೋಗಿ ಬರೆದುಕೊಳ್ಳಲು ಸರ್ಕಾರ ಟೀಚರುಗಳನ್ನು ಕಳಿಸಿತ್ತು. ಇವರು ಊರಿಗೆ ಬಂದು ವಾರವೂ ಆಗಿರಲಿಲ್ಲ.

ಪಕ್ಕದ ಮನೆಯವಳಿಗೆ ಗಂಡನಿರಲಿಲ್ಲ. ಮಗ್ಗದವರಿಗೆ ರೇಷ್ಮೆ ನೂಲು ಸುತ್ತಿಕೊಟ್ಟು ಮಗಳನ್ನು ಸಾಕುತ್ತಿದ್ದಳು. ಅವತ್ತು ಓಡಿಬಂದಳು. "ಅಕ್ಕಾ, ಟೀಚರ್ ಬರ್ತಾರಂತೆ. ನಿಮ್ ಕುರ್ಚಿ ಒಂದೀಟು ಕೊಡ್ರಿ." ಮನೆಗೆ ಬಂದವರನ್ನು ನೆಲದ ಮೇಲೆ ಕೂರಿಸುವುದುಂಟೇ? ಕೊಟ್ಟೆ. ಎದುರುಮನೆಯವರು ಮಂಚ ಕೊಟ್ಟರು. ಟೀಚರ್ ಕುರ್ಚಿಯಲ್ಲಿ ಕೂತು, "ಎರಡು ಹೊತ್ತು ಊಟ ಐತಾ?" ಎಂದು ಕೇಳಿದರು. "ದೇವರು ಕೊಟ್ಟಂಗೆ ಐತ್ರಿ" ಎಂದಳು. ಉಂಡಿಲ್ಲ ಎಂದು ಹೊರಗಿನವರಿಗೆ ಹೇಳುವ ಬಾಯಿ ನಮ್ಮ ಕಡೆ ಯಾರಿಗೂ ಇಲ್ಲ. ಟೀಚರ್ ಬರೆದುಕೊಂಡರು: ಕುರ್ಚಿ ಇದೆ, ಮಂಚ ಇದೆ, ಊಟ ಇದೆ. ಅದೇ ಬೀದಿಯ ಕಿರಾಣಿ ಅಂಗಡಿಯವನು ಟೀವಿಯನ್ನು ಶೇಂಗಾ ಮೂಟೆಯ ಹಿಂದೆ ತಳ್ಳಿ, ಹರಿದ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದ.

ಕಾರ್ಡು ಸಿಗುವವರ ಪಟ್ಟಿ ಬಂತು. ಕಚೇರಿಯ ಗೋಡೆಗೆ ಅಂಟಿಸಿದರೆ ಸಾಕು ಎಂದರು ಗುಮಾಸ್ತರು. "ಅಂಟಿಸಿದ್ರೆ ಓದೋರು ಯಾರ್ರೀ?" ಎಂದು ಟೀಚರ್ ಆಂಜನೇಯನ ಗುಡಿ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದರು. ಅಂಗಡಿಯವನ ಹೆಸರು ಬಂತು. ಎಲ್ಲರೂ ನೆಲ ನೋಡಿದರು. ಮನೆಯೊಳಗೆ ಊರನ್ನೇ ಆಡಿಕೊಳ್ಳುವ ಬಾಯಿಗಳಲ್ಲಿ ಅವತ್ತು ಎಲೆ ಅಡಿಕೆ ಬಿಟ್ಟು ಬೇರೇನೂ ಇರಲಿಲ್ಲ. ಪಟ್ಟಿ ಮುಗಿಯಿತು, ಪಕ್ಕದ ಮನೆಯವಳ ಹೆಸರು ಬರಲೇ ಇಲ್ಲ. ಯಾಕೆಂದು ಯಾರೋ ಕೇಳಿದ್ದಕ್ಕೆ ಟೀಚರ್ ತಾವು ಬರೆದುಕೊಂಡಿದ್ದನ್ನು ನೋಡಿ, "ಕುರ್ಚಿ, ಮಂಚ ಎಲ್ಲಾ ಐತಲ್ಲ" ಎಂದರು.

ನಮ್ಮತ್ತೆಗೆ ಕಿವಿ ಮಂದ, ಮಾತು ಜೋರು. "ಟೀಚರಮ್ಮ, ಆ ಕುರ್ಚಿ ನಮ್ದು ಕಣವ್ವ. ಮಂಚ ಎದುರುಮನೆಯೋರ್ದು. ಅವಳದು ಅಂತ ಇರೋದು ಆ ಮಗಳೊಂದೇ."

ಜನ ನಕ್ಕರು. ಆಮೇಲೆ ಯಾರೋ ಅಂಗಡಿಯವನ ಟೀವಿಯ ಮಾತೂ ಎತ್ತಿದರು. ಪಕ್ಕದ ಮನೆಯವಳು ಮುಖಕ್ಕೆ ಸೆರಗು ಹಾಕಿಕೊಂಡು ಎದ್ದುಹೋದಳು.

ಸಂಜೆ ನಾನೂ ಟೀಚರೂ ಅವಳ ಮನೆಗೆ ಹೋದೆವು. "ನಿಮ್ಮತ್ತೆ ಊರೆಲ್ಲಾ ಕೇಳಂಗೆ ನಮ್ಮನೇಲಿ ಏನೂ ಇಲ್ಲ ಅಂದ್ರಲ್ಲಕ್ಕಾ" ಎಂದು ನನ್ನ ಮೇಲೆ ಹರಿಹಾಯ್ದು ರಾಟೆಯ ಕಡೆ ತಿರುಗಿದಳು. ಟೀಚರ್ ನೆಲದ ಮೇಲೆ ಕೂತರು.

"ತಪ್ಪು ನಂದವ್ವ. ಕುರ್ಚಿ ನೋಡಿದೆ, ನಿನ್ನ ನೋಡ್ಲಿಲ್ಲ."

ಟೀಚರ್ ಏಳಲಿಲ್ಲ. ರಾಟೆ ತಿರುಗುತ್ತಲೇ ಇತ್ತು. ನನಗೆ ಮನೆಯಲ್ಲಿ ದೇವರ ದೀಪ ಹಚ್ಚುವ ಹೊತ್ತು ಮೀರುತ್ತಿತ್ತು, ಇಬ್ಬರ ಮೇಲೂ ಸಿಟ್ಟು ಬಂತು. ಕೊನೆಗೆ ಅವಳೇ ಒಂದು ಚೊಂಬು ನೀರು ತಂದಿಟ್ಟಳು. ಟೀಚರ್ ಕುಡಿದು ಕೇಳಿದರು. "ಬೆಳಿಗ್ಗೆ ಏನು ಉಂಡೆ?"

"ಒಂದು ಮುದ್ದೆ ಇತ್ರಿ. ಮಗಳಿಗಿಟ್ಟೆ."

ಅಷ್ಟನ್ನು ಬರೆದುಕೊಂಡು ಎದ್ದರು. ಅದನ್ನು ತಾಲ್ಲೂಕು ಕಚೇರಿಯವರ ತಲೆಗೆ ಹತ್ತಿಸಲು ಟೀಚರ್ ಪಟ್ಟ ಪಾಡು ದೇವರಿಗೇ ಪ್ರೀತಿ. ಇವತ್ತು ಸಾಹೇಬರಿಲ್ಲ, ನಾಳೆ ಬನ್ನಿ, ಪಟ್ಟಿ ಮೇಲಕ್ಕೆ ಹೋಗಿಬಿಟ್ಟಿದೆ. ಮೇಲೆ ಎಂದರೆ ಎಲ್ಲಿ? ಜಟಿಂಗರಾಮೇಶ್ವರನ ಬೆಟ್ಟಕ್ಕಾದರೆ ಹತ್ತಿ ಹುಡುಕಬಹುದಿತ್ತು. ಮಳೆಗಾಲ ಕಳೆದ ಮೇಲೆ ಕಾರ್ಡು ಬಂತು. ಮೊದಲ ಅಕ್ಕಿಯ ಅನ್ನವನ್ನು ಅವಳು ಒಂದು ಬಟ್ಟಲಲ್ಲಿ ನಮ್ಮತ್ತೆಗೆ ತಂದುಕೊಟ್ಟಳು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಉಂಡರು. ಅಂಗಡಿಯವನ ಕಾರ್ಡು ಮಾತ್ರ ಹೋಗಲಿಲ್ಲ, ಅದು ಬೇರೆ ಸಂಕಟ.

ಟೀಚರ್ ಮತ್ತೆ ಚಳ್ಳಕೆರೆಗೆ ವರ್ಗವಾಗಿ ಹೋದರು. ವರ್ಷಗಳ ಮೇಲೆ ಒಮ್ಮೆ ಬೆಟ್ಟದ ದೇವರಿಗೆಂದು ಬಂದವರು ನಮ್ಮ ಬೀದಿಗೂ ಬಂದರು. ಪಕ್ಕದ ಮನೆಯ ಮಗಳು ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳಮ್ಮ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ನಡುಮನೆಯಲ್ಲಿ ಹಾಕಿದಳು.

"ನಂದೇ ಟೀಚರ್. ಕೂತ್ಕೊಳ್ರಿ."

ಟೀಚರ್ ನನ್ನ ಕಡೆ ತಿರುಗಿದರು. "ನಿಮ್ಮನೆ ಕುರ್ಚಿ ನಿಮ್ಮನೇಲೈತಾ? ನೀವು ನೋಡಿದ್ರಾ, ಯಾರಾದ್ರೂ ಹೇಳಿದ್ರಾ?"

ಆ ಬಿಸಿಲಲ್ಲಿ ನಾನು ಮನೆಗೆ ಹೋಗಿ ನೋಡಿಬಂದು "ಐತೆ ಕಣ್ರೀ" ಎಂದ ಮೇಲೆಯೇ ಆ ಕೆಂಪು ಕುರ್ಚಿಯಲ್ಲಿ ಕೂತರು.

ಅವರು ತೀರಿಹೋದ ಸುದ್ದಿ ಬಂದಾಗ ಅವಳು ಆ ಕುರ್ಚಿಯನ್ನು ಒರೆಸಿ ಗೋಡೆ ಬದಿಗೆ ಹಾಕಿದಳು. ಅದರ ಪಕ್ಕದಲ್ಲಿ ನಾವಿಬ್ಬರೂ ನೆಲದ ಮೇಲೆ ಕೂತೆವು. ಎದ್ದು ಮನೆಗೆ ಬಂದಾಗ ನನ್ನ ಸೀರೆಗೂ ಬೂದು ಗುರುತು ಹತ್ತಿತ್ತು. ಕೊಡವಲಿಲ್ಲ.