ರವಿಕೆ ಸಡಿಲ ಮಾಡುವ ಅಂಗಡಿ

ಸಾಯುವ ಹಿಂದಿನ ದಿನವೂ ದರ್ಜಿ ಎಂದಿನಂತೆ ಹೆಂಡತಿಯ ಪಕ್ಕ ಕೂತು ರವಿಕೆಯ ಹೊಲಿಗೆ ಬಿಚ್ಚುತ್ತಿದ್ದ. “ಏನವ್ವ, ಬಟ್ಟೆ ಕುಗ್ಗಿತಾ, ನೀನು ಹಿಗ್ಗಿದ್ಯಾ?” ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಕೇರಿಯಲ್ಲಿ ಯಾರು ಬಸುರಿ ಎಂಬುದು ಅತ್ತೆಯಂದಿರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಅದಕ್ಕೇ ಬಡ ಬಸುರಿಯರ ಊಟದ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರಮ್ಮ ಅವನ ಸಹಾಯ ಕೇಳಿದ್ದರು. ಅವನು ಯಾರ ಗುಟ್ಟನ್ನೂ ಬಿಟ್ಟುಕೊಡಲಿಲ್ಲ. ಬಂದವರಿಗೆ ವಿಷಯ ಹೇಳುತ್ತಿದ್ದ, ಒಪ್ಪಿದವರು ತಾವೇ ಅವರ ಆಸ್ಪತ್ರೆಗೆ ಹೋಗುತ್ತಿದ್ದರು.

ಮರುದಿನ ಬೆಳಿಗ್ಗೆ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಆಮೇಲೆ ಕೇರಿಯಿಂದ ಒಬ್ಬರೂ ಆಸ್ಪತ್ರೆಯ ಕಡೆ ಹೋಗಲಿಲ್ಲ.

ತಿಂಗಳು ಕಳೆದು ಅವನ ಹೆಂಡತಿ ಅಂಗಡಿ ತೆಗೆದಾಗ, ಇಟ್ಟಿಗೆ ಹೊರುವ ಹುಡುಗಿಯೊಬ್ಬಳು ಸಡಿಲ ಮಾಡಿಸಲು ರವಿಕೆ ತಂದಳು.

“ಅಕ್ಕಾ, ಆ ಡಾಕ್ಟರಮ್ಮನ ಆಸ್ಪತ್ರೇಲಿ ರಕ್ತ ತೆಗೀತಾರಂತೆ?”

“ಒಂದು ಚೂರು. ನೀನು ತಿಂದಿದ್ದು ಕೂಸಿಗೆ ಎಷ್ಟು ಸೇರತ್ತೆ ಅಂತ ನೋಡೋಕೆ.”

“ರಕ್ತದಲ್ಲಿ ಅದು ಹೆಂಗೆ ಕಾಣತ್ತೆ?”

ಅವಳಿಗೂ ಗೊತ್ತಿರಲಿಲ್ಲ. ಗಂಡನನ್ನು ಎಂದೂ ಕೇಳಿರಲಿಲ್ಲ.

“ನಡಿ, ಇಬ್ರೂ ಹೋಗಿ ಕೇಳೋಣ. ಸರಿ ಅನ್ನಿಸದಿದ್ರೆ ವಾಪಸ್ ಬರೋಣ.”

ಡಾಕ್ಟರಮ್ಮ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಹುಡುಗಿ ಮತ್ತೆ ಮತ್ತೆ ಪ್ರಶ್ನೆ ಕೇಳಿ, ಕೊನೆಗೆ ತೋಳು ಚಾಚಿದಳು.

ಈಗಲೂ ದಿನಾ ಬೆಳಿಗ್ಗೆ, ಮೆಷಿನ್ನಿಗೆ ಎಣ್ಣೆ ಬಿಡುವ ಮೊದಲು, ಕೇರಿಯ ಯಾರಾದರೊಬ್ಬ ಬಸುರಿಯ ಜೊತೆ ಅವಳು ಆಸ್ಪತ್ರೆಯವರೆಗೆ ನಡೆದು ಬರುತ್ತಾಳೆ.