ಸರೇಸು ಹದಕ್ಕೆ ಬರುವ ಮುನ್ನ

ಕೊಟ್ಟೂರು ಬಸ್ ನಿಲ್ದಾಣದ ಹಿಂದೆ ಯಾರೋ ಕುರಿ ಕಾಲು ಸುಡುತ್ತಿದ್ದರು. ಕೂದಲು ಕರಕಾದ ಆ ವಾಸನೆಗೆ ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಾನು ಮಾತ್ರ ನಿಂತುಬಿಟ್ಟೆ. ಅಣ್ಣನ ಅಂಗಡಿಯ ವಾಸನೆ ಅದು...

ಪ್ರೆಸ್ಸುಗಳಿಗೆ ಫೋಟೋ ಅಚ್ಚೊತ್ತುವ ಲೋಹದ ಬ್ಲಾಕ್ ಮಾಡಿಕೊಡುವುದು ಅಣ್ಣನ ಕಸುಬು. ಸತುವಿನ ತಗಡಿಗೆ ಔಷಧಿ ಬೆರೆಸಿದ ಸರೇಸು, ಅಂದರೆ ಚರ್ಮ ಕುದಿಸಿ ತೆಗೆದ ಅಂಟು, ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬೆಳಕಿಗೆ ಒಡ್ಡುತ್ತಿದ್ದ. ಬೆಳಕು ಬಿದ್ದಲ್ಲಿ ಸರೇಸು ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಉಳಿದದ್ದು ನೀರಿಗೆ ತೊಳೆದುಹೋಗುತ್ತಿತ್ತು. ಆಮೇಲೆ ತಗಡನ್ನು ಒಲೆಯ ಮೇಲೆ ಕಾಯಿಸಬೇಕು. ಸರೇಸು ಕಂದುಬಣ್ಣಕ್ಕೆ ತಿರುಗಿ, ಸುಟ್ಟ ಕೂದಲಿನ ವಾಸನೆ ಬಂದರೆ ಹದ. ಕೊನೆಗೆ ತಗಡನ್ನು ಆಸಿಡ್ ತೊಟ್ಟಿಗೆ ಇಳಿಸಿದರೆ, ಹದವಾದ ಸರೇಸನ್ನು ಆಸಿಡ್ ಮುಟ್ಟುವುದಿಲ್ಲ, ಬರಿ ಸತುವನ್ನಷ್ಟೇ ತಿನ್ನುತ್ತದೆ.

ವರ್ಷಗಟ್ಟಲೆ ಆಸಿಡ್ ಹೊಗೆ ಕುಡಿದು ಅಣ್ಣನ ಕಣ್ಣು ಮಂಜಾಗಿತ್ತು, ವಾಸನೆಯೂ ತಿಳಿಯುತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ತಂಗಿ ನಾನೇ ಅವನ ಮೂಗು.

ಬ್ಲಾಕೇ ಬೇಡದ ಆಫ್‌ಸೆಟ್ ಮುದ್ರಣ ಬಂದು ಕೆಲಸ ಇಳಿದಿತ್ತು. ಉಳಿದಿದ್ದ ಒಬ್ಬನೇ ಗಿರಾಕಿ, ಹರಪನಹಳ್ಳಿಯ ಪ್ರೆಸ್ ಮಾಲೀಕ, ಶಾಲೆಯೊಂದರ ಸ್ಮರಣ ಸಂಚಿಕೆಗೆ ಹೆಡ್‌ಮಾಸ್ತರರ ದೊಡ್ಡ ಬ್ಲಾಕ್ ಕೇಳಿದ. "ಇದು ಚಲೋ ಬಂದ್ರ ಉಳಿದದ್ದೂ ನಿಮಗಾ ಕೊಡ್ತೀನ್ರಿ. ಇಲ್ಲಾಂದ್ರ ನಾನೂ ಆಫ್‌ಸೆಟ್ಟಿಗೆ ಹೋಗಾವ."

ಆ ಬ್ಲಾಕ್ ಮಾಡುತ್ತಿದ್ದ ಮಧ್ಯಾಹ್ನ ನಾನು ಗೆಳತಿಯ ಮದುವೆಗೆ ಮಾಗಳಕ್ಕೆ ಹೊರಟಿದ್ದೆ. ತಗಡು ಒಲೆಯ ಮೇಲಿತ್ತು.

"ಬಂತೇನವ್ವಾ?"

ವಾಸನೆ ಬಂದಿರಲಿಲ್ಲ. ಸರೇಸು ಇನ್ನೂ ತಿಳಿಹಳದಿಯಾಗಿತ್ತು.

"ಬಂತಣ್ಣಾ."

"ಖರೇನ? ಮದಿವಿ ಊಟದ ವಾಸನಿ ಅಲ್ಲಲಾ ಮತ್ತ?" ಅಣ್ಣ ನಕ್ಕ.

"ಖರೇ ಬಂತು. ಬಸ್ ಹೋಗ್ತತಿ, ಇಳಸು."

ಮರುದಿನ ಬಂದು ನೋಡಿದರೆ ತಗಡು ತೊಟ್ಟಿಯಲ್ಲಿ ಬಿದ್ದಿತ್ತು. ಬೇಯದ ಸರೇಸು ಬಿಟ್ಟುಕೊಂಡು, ಆಸಿಡ್ ಹೆಡ್‌ಮಾಸ್ತರರ ಮುಖವನ್ನೇ ತಿಂದಿತ್ತು. ಮಾಲೀಕ ಬಂದು ನೋಡಿ ಹೋಗಿಯಾಗಿತ್ತು. ಅಣ್ಣ ಅಂಗೈ ನೋಡಿಕೊಳ್ಳುತ್ತ ಕುಳಿತಿದ್ದ.

"ಸರೇಸು ಕಲಸೋದ್ರಾಗ ತಪ್ಪೀನವ್ವಾ. ನನ್ನ ಕೈ ಕೆಟ್ಟೈತಿ."

ನನ್ನ ಮೂಗಿನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. "ಇನ್ನೊಂದು ಮಾಡಣ ಅಣ್ಣಾ" ಎಂದು ಅಂಗಲಾಚಿದೆ. ನಿಜ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಹೊಡೆಯುತ್ತಿದ್ದನೇನೋ... ಆದರೆ ಅವನ ಕೈ ಅವನಿಗೆ ಉಳಿಯುತ್ತಿತ್ತು. ಅವನು ಮತ್ತೆ ಸರೇಸು ಮುಟ್ಟಲಿಲ್ಲ. ಎದೆ ಕಟ್ಟಿ ಸಾಯುವವರೆಗೂ ಆ ಕೈಯನ್ನೇ ಬೈದುಕೊಂಡ.

"ಯಾಕವ್ವಾ, ಏನ್ ಬೇಕಿತ್ತು?" ಎಂದ ಕುರಿ ಕಾಲು ಸುಡುತ್ತಿದ್ದವನು.

ಏನೂ ಇಲ್ಲವೆಂದು ತಲೆಯಾಡಿಸಿದೆ. ಇನ್ನೂ ಬಂದಿಲ್ಲಣ್ಣಾ, ಒಂಚೂರು ತಡಿ... ಅಂದು ಹೇಳಬೇಕಿದ್ದ ಮಾತು ಈಗ ಬಾಯಿಗೆ ಬಂದಿತ್ತು. ಕೇಳಿಸಿಕೊಳ್ಳಲು ಅಣ್ಣನಿಲ್ಲ.