ಸುಗ್ಗಿಯ ಪುಟದಲ್ಲಿ ನಾನು ತಿದ್ದಿದ ಸಾಲು

ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶದಲ್ಲಿ ನಮ್ಮೂರಿನ ಸುಗ್ಗಿ ಹಬ್ಬದ ಪುಟವೂ ಇದೆ. ಸುಗ್ಗಿಯಲ್ಲಿ ಮೊದಲು ಕುಣಿಯುವ ಹಕ್ಕು ಕೆಳಗಿನ ಮನೆಯವರದು ಎಂದು ಅಲ್ಲಿ ಸರಿಯಾಗಿಯೇ ಇತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಮೊಬೈಲಿನಲ್ಲಿ ಅದನ್ನು ಮೇಲಿನ ಮನೆಯವರದು ಎಂದು ತಿದ್ದಿದೆ. ಅದು ನಮ್ಮ ಮನೆ. ಯಾರೂ ತಡೆಯಲಿಲ್ಲ.

ಹಾಸ್ಟೆಲಿನಲ್ಲೇ ಬೆಳೆದು ಸುಗ್ಗಿ ನೋಡದ ತಂಗಿ ಅದನ್ನೇ ನಂಬಿ ಪ್ರಬಂಧ ಬರೆದಳು, ಊರವರ ಮುಂದೆ ಓದಿದಳು. ಕೆಳಗಿನ ಮನೆಯ ಅಜ್ಜ ನಕ್ಕರು. "ಯಾರ್ ಹೇಳಿದ್ರವ್ವ ಹಿಂಗಂತ? ನಿಮ್ಮನೇರು ನಮ್ ಹಿಂದ್ಗಡೆ ಕುಣಿಯೋರು ಕಣವ್ವ." ಎಲ್ಲರೂ ನಕ್ಕರು. ತಂಗಿ ಅತ್ತಳು.

"ಯಾವನೋ ತಲೆಕೆಟ್ಟೋನು ತಿದ್ದವ್ನೆ ಕಣಣ್ಣ," ಎಂದಳು ದಾರಿಯಲ್ಲಿ. "ಹೂಂ," ಎಂದೆ.

ಆ ಸಾಲನ್ನು ಅಂದೇ ಸರಿಪಡಿಸಿದೆ. ಆದರೆ ತಂಗಿ ಈಗ ಆ ಪುಟವನ್ನು ನಂಬುವುದಿಲ್ಲ. ಹಬ್ಬದ ವಿಷಯ ಏನಿದ್ದರೂ ನನ್ನನ್ನೇ ಕೇಳುತ್ತಾಳೆ.